ಭೀಮನ ಗದೆ

ಕಳೆದ ವರ್ಷ ದೀಪಾವಳಿಗೆ ನಾಲ್ಕು ದಿನವಿರುವಾಗ ಭದ್ರಾವತಿಯ ಅಣ್ಣನ ಮನೆಗೆ ಹೋಗಿದ್ದೆ. ಶಿವಮೊಗ್ಗದಿಂದ ಭದ್ರಾವತಿ ದೂರವೇನೂ ಅಲ್ಲ. ತುಂಗೆಯ ದಡದಲ್ಲಿ ಬಸ್ಸು ಹತ್ತಿದವನು ಬಾಯಲ್ಲಿರುವ ಎಲೆಯಡಿಕೆ ಮುಗಿಯುವುದರೊಳಗೆ ಭದ್ರೆಯ ದಡದಲ್ಲಿ ಇಳಿಯಬಹುದು. 'ಅಣ್ಣನ ಮನೆ' ಎಂದು ಈಗಲೂ ಬಾಯಿಗೆ ಬರುತ್ತದೆ. ಅಣ್ಣ ತೀರಿಕೊಂಡು ಐವತ್ತು ವರ್ಷ ಕಳೆದುಹೋದವು. ಅಲ್ಲಿರುವವರು ಅವನ ಮಗ, ಸೊಸೆ ಮತ್ತು ಶಿವಮೊಗ್ಗದ ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗಳು.

ಹಬ್ಬದ ಮುಂಚೆ ಮನೆಯ ಧೂಳು ತೆಗೆಯುವುದುಂಟಷ್ಟೆ. ಅಟ್ಟ ಹತ್ತಿದ್ದ ಆ ಹುಡುಗಿ ಹಳೆಯ ಹಂಡೆ, ಒಡೆದ ಹಾರ್ಮೋನಿಯಂ ಪೆಟ್ಟಿಗೆಗಳ ನಡುವಿನಿಂದ ಉದ್ದನೆಯದೊಂದು ಗಂಟನ್ನು ಎಳೆದು ತಂದಳು. ಬಿಚ್ಚಿ ನೋಡಿದರೆ ಅಣ್ಣನ ಗದೆ. ಮರದಲ್ಲಿ ಕಡೆದದ್ದು. ಮೇಲೆ ಅಂಟಿಸಿದ್ದ ಬೇಗಡೆಯೆಲ್ಲ ಉದುರಿ, ಹಿಡಿಯ ಬಳಿ ಮಾತ್ರ ಒಂದು ಚೂರು ಹೊಳೆಯುತ್ತಿತ್ತು. ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದ ಅಣ್ಣ ವರ್ಷಕ್ಕೊಂದು ರಾತ್ರಿ ಭೀಮಸೇನನಾಗುತ್ತಿದ್ದ. ಜೊತೆಯ ಕೆಲಸಗಾರರು ಕೂಡಿ ಆಡುತ್ತಿದ್ದ 'ಕುರುಕ್ಷೇತ್ರ' ನಾಟಕದ ಗದೆ ಅದು.

"ಚಿಕ್ಕಜ್ಜ, ನಮ್ಮ ಕಾಲೇಜಲ್ಲಿ ನಾಟಕ ಇದೆ. ಇದನ್ನ ತಗೊಂಡು ಹೋಗಲಾ?" ಎಂದು ಕೇಳಿದಳು.

"ನೋಡೋಣ" ಎಂದೆ. ಇಲ್ಲವೆನ್ನುವ ಧೈರ್ಯವಿಲ್ಲದ ಹಿರಿಯರು ಆಡುವ ಮಾತು ಅದು. ಹುಡುಗಿಗೂ ಅದು ತಿಳಿದಿದ್ದಿತು. ಮತ್ತೆ ಕೇಳಲಿಲ್ಲ. ಗದೆಯನ್ನು ಗೋಡೆಗೆ ಒರಗಿಸಿಟ್ಟು, ಸಂಜೆ ಟಿ.ವಿ.ಯಲ್ಲಿ ಇಂಗ್ಲಿಷ್ ಚಿತ್ರವೊಂದನ್ನು ಹಾಕಿದಳು. ಅದನ್ನು ನೋಡಿದುದರ ಫಲ ಈ ಲೇಖನ.

ಚಿತ್ರದ ಹೆಸರು 'ಬ್ಲ್ಯಾಕ್ ಪ್ಯಾಂಥರ್: ವಕಾಂಡ ಫಾರೆವರ್'. 2022ರ ನವೆಂಬರಿನಲ್ಲಿ ತೆರೆಗೆ ಬಂದದ್ದು. ಅಮೆರಿಕದವರು ಸೂಪರ್‌ಹೀರೋ ಎಂದು ಕರೆಯುವ ಅತಿಮಾನುಷ ವೀರರ ಕಥೆಗಳ ಬಗೆಗೆ ನನಗೆ ಹೆಚ್ಚಿನ ಆಸಕ್ತಿಯಿಲ್ಲ. ಹಾರುವುದು, ಗುದ್ದುವುದು, ಊರು ಉರಿಯುವುದು. ಇಷ್ಟಾದ ಮೇಲೆ ನಿದ್ದೆ ಬರುತ್ತದೆ. ಆದರೆ ಈ ಚಿತ್ರ ಆರಂಭವಾದ ಬಗೆಯೇ ಬೇರೆಯಾಗಿದ್ದಿತು. ಪರದೆ ಇನ್ನೂ ಕತ್ತಲಾಗಿರುವಾಗಲೇ ಒಬ್ಬ ತಂಗಿ ತನ್ನ ಅಣ್ಣನನ್ನು ಉಳಿಸಿಕೊಳ್ಳಲು ಪ್ರಯೋಗಶಾಲೆಯಲ್ಲಿ ಪಾಡು ಪಡುತ್ತಿದ್ದಾಳೆ. ಅಣ್ಣ ಕಣ್ಣಿಗೆ ಬೀಳುವುದಿಲ್ಲ. ತಾಯಿ ಬಂದು ಅವನು ಹೋದನೆಂದು ತಿಳಿಸುತ್ತಾಳೆ. ಆಮೇಲೆ ನಾಡಿಗೆ ನಾಡೇ ಬಿಳಿಯ ಬಟ್ಟೆಯುಟ್ಟು ಶವಯಾತ್ರೆಯಲ್ಲಿ ನಡೆಯುತ್ತದೆ. ಇಂಥ ಚಿತ್ರಗಳ ಮೊದಲಿಗೆ ಅಬ್ಬರದ ವಾದ್ಯದೊಡನೆ ಬರುವ ಕಂಪನಿಯ ಲಾಂಛನ ಇಲ್ಲಿ ಸದ್ದಿಲ್ಲದೆ ಬರುತ್ತದೆ. ಅದರ ಅಕ್ಷರಗಳೊಳಗೆ ತುಂಬಿರುವುದು ಒಬ್ಬನೇ ನಟನ ಮುಖ.

ಆ ನಟ ಚಾಡ್ವಿಕ್ ಬೋಸ್‌ಮನ್. 2018ರಲ್ಲಿ ಬಂದ ಮೊದಲ ಚಿತ್ರದಲ್ಲಿ ಆಫ್ರಿಕದ ವಕಾಂಡವೆಂಬ ಕಲ್ಪಿತ ರಾಜ್ಯದ ದೊರೆ ಟಿಚಾಲನ ಪಾತ್ರವನ್ನು ವಹಿಸಿದವನು. ಶ್ರೇಷ್ಠ ಚಿತ್ರವೆಂಬ ಆಸ್ಕರ್ ಪ್ರಶಸ್ತಿಯ ಸ್ಪರ್ಧೆಯನ್ನು ಪ್ರವೇಶಿಸಿದ ಮೊಟ್ಟಮೊದಲ ಸೂಪರ್‌ಹೀರೋ ಚಿತ್ರ ಅದು. ಬೋಸ್‌ಮನ್‌ಗೆ ಕರುಳಿನ ಕ್ಯಾನ್ಸರ್ ಇರುವುದು 2016ರಲ್ಲಿಯೇ ತಿಳಿದಿದ್ದರೂ ಅವನು ಅದನ್ನು ಲೋಕಕ್ಕೆ ಹೇಳಿಕೊಳ್ಳಲಿಲ್ಲ. ಚಿಕಿತ್ಸೆಯ ನಡುನಡುವೆಯೇ ಅಭಿನಯಿಸಿ 2020ರ ಆಗಸ್ಟ್ 28ರಂದು, ನಲವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಹೊತ್ತಿಗೆ ನಿರ್ದೇಶಕ ರಯಾನ್ ಕೂಗ್ಲರ್ ಎರಡನೆಯ ಚಿತ್ರದ ಕಥೆಯನ್ನು ಅವನಿಗಾಗಿಯೇ ಬರೆದಿದ್ದ. ದೊರೆಗೂ ಅವನ ಪುಟ್ಟ ಮಗನಿಗೂ ನಡುವಿನ ಕಥೆ ಅದು. ನಾಯಕ ಹೋದ ಮೇಲೆ ಆ ಬರೆವಣಿಗೆಯನ್ನೆಲ್ಲ ಬಿಟ್ಟುಕೊಟ್ಟು ಹೊಸದಾಗಿ ಬರೆಯಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಿರ್ಮಾಪಕರು, ಟಿಚಾಲನ ಪಾತ್ರವನ್ನು ಬೇರೆ ನಟನಿಗೆ ಕೊಡುವುದಿಲ್ಲವೆಂದು ಪ್ರಕಟಿಸಿದರು. ನಟನೊಡನೆ ದೊರೆಯೂ ಸತ್ತ.

ಇದು ಸರಿಯೆಂದೇ ನನಗೆ ತೋರಿತು. ಹುಡುಗಿ ಒಪ್ಪಲಿಲ್ಲ.

"ನಟ ಹೋದ, ಸರಿ. ದೊರೆ ಯಾಕೆ ಹೋಗಬೇಕು ಚಿಕ್ಕಜ್ಜ? ಅಷ್ಟು ವರ್ಷಕ್ಕೆ ಕಪ್ಪು ಮಕ್ಕಳಿಗೆ ಅಂತ ಒಬ್ಬ ದೊರೆ ಸಿಕ್ಕಿದ್ದ. ಬಿಳಿಯರ ಸೂಪರ್‌ಹೀರೋಗಳಿಗೆ ನಟರು ಬದಲಾಗ್ತಾನೇ ಇರ್ತಾರೆ. ಇವನೊಬ್ಬ ಮಾತ್ರ ನಟನ ಜೊತೆ ಮಣ್ಣಾಗಬೇಕಾ?"

ಇದು ಅವಳೊಬ್ಬಳ ಮಾತಲ್ಲ. ಪಾತ್ರವನ್ನು ಬೇರೊಬ್ಬನಿಗೆ ಕೊಡಿರೆಂದು ಅಮೆರಿಕದಲ್ಲಿಯೂ ಅಭಿಮಾನಿಗಳು ಮನವಿ ಮಾಡಿಕೊಂಡಿದ್ದರು. ಅವರ ವಾದದಲ್ಲಿ ಹುರುಳಿದೆ. ಟಿಚಾಲ ಬೋಸ್‌ಮನ್‌ನೊಡನೆ ಹುಟ್ಟಿದವನಲ್ಲ. ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಎಂಬಿಬ್ಬರು 1966ರಲ್ಲಿ ಚಿತ್ರಕಥೆಯ ಪುಸ್ತಕವೊಂದರಲ್ಲಿ ಅವನನ್ನು ಸೃಷ್ಟಿಸಿದರು. ಬೋಸ್‌ಮನ್ ಹುಟ್ಟಿದುದು 1976ರಲ್ಲಿ. ತನಗಿಂತ ಹತ್ತು ವರ್ಷ ಹಿರಿಯನಾದ ಪಾತ್ರವನ್ನು ಕಿರಿಯನಾದ ನಟ ತನ್ನೊಡನೆ ಕರೆದುಕೊಂಡು ಹೋಗುವುದೆಂದರೇನು?

ರಾತ್ರಿ ನಿದ್ದೆ ಬಾರದೆ ಯೋಚಿಸಿದೆ. ನಮ್ಮ ಪರಂಪರೆಯನ್ನು ಸಾಕ್ಷಿಗೆ ಕರೆದರೆ ಅದು ಹುಡುಗಿಯ ಪಕ್ಷವನ್ನೇ ವಹಿಸುತ್ತದೆ. ಯಕ್ಷಗಾನದಲ್ಲಿ ಕರ್ಣನ ವೇಷ ಕಟ್ಟಿದವನು ತೀರಿಕೊಂಡನೆಂದು ಕರ್ಣನಿಗೆ ಯಾರೂ ಎಳ್ಳುನೀರು ಬಿಡುವುದಿಲ್ಲ. ಮರುವರ್ಷದ ತಿರುಗಾಟದಲ್ಲಿ ಇನ್ನೊಬ್ಬ ಬಣ್ಣ ಹಚ್ಚುತ್ತಾನೆ. ಕಂಪನಿ ನಾಟಕಗಳಲ್ಲಿಯೂ ಹಾಗೆಯೇ. ಡಾ. ರಾಜ್‌ಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಾತ್ರ ವಹಿಸುತ್ತಿದ್ದ ನಟರು. ಮಗ ಅದೇ ರಂಗದಲ್ಲಿ ಬೆಳೆದು ಸಿನಿಮಾಕ್ಕೆ ಬಂದರು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜ್‌ಕುಮಾರರು ಹಿರಣ್ಯಕಶಿಪುವಾದರೆ ಅವರ ಕಿರಿಯ ಮಗ ಪುನೀತ್ ಪ್ರಹ್ಲಾದನಾದ. ಅವರಿಗಿಂತ ಮುಂಚೆ ಎಷ್ಟು ಮಂದಿ ಹಿರಣ್ಯಕಶಿಪುಗಳು, ಎಷ್ಟು ಮಂದಿ ಪ್ರಹ್ಲಾದರು ಆಗಿಹೋಗಿರಬೇಕು!

ಕಾವ್ಯಕ್ಕೆ ಬಂದರೂ ಇದೇ ಮಾತು. ಹತ್ತನೆಯ ಶತಮಾನದಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು 'ವಿಕ್ರಮಾರ್ಜುನ ವಿಜಯ'ವನ್ನು ಬರೆದ. ಅದೇ ಶತಮಾನದಲ್ಲಿ ರನ್ನ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡು 'ಗದಾಯುದ್ಧ'ವನ್ನು ಬರೆದ. ಪುರಾಣದ ವೀರನಿಗೆ ಬದುಕಿರುವ ಒಬ್ಬ ಮನುಷ್ಯನ ಮುಖವನ್ನು ತೊಡಿಸುವ ಕೆಲಸ ಇದು. ಇಂದು ಸಿನಿಮಾ ಮಾಡುತ್ತಿರುವುದು ಇದನ್ನಲ್ಲದೆ ಬೇರೇನು? ಅರಿಕೇಸರಿಯೂ ಹೋದ, ಸತ್ಯಾಶ್ರಯನೂ ಹೋದ. ಅವರೊಡನೆ ಅರ್ಜುನನಾಗಲಿ ಭೀಮನಾಗಲಿ ಸಾಯಲಿಲ್ಲ. ಕೆಲವು ಶತಮಾನಗಳ ಮೇಲೆ ಕುಮಾರವ್ಯಾಸನ ಕೈಗೆ ಬಂದಾಗ ಅವರು ಯಾವ ದೊರೆಯ ಮುಖವನ್ನೂ ಹೊತ್ತಿರಲಿಲ್ಲ.

ಹೀಗಿದ್ದರೂ ಆ ಬಿಳಿಯ ಬಟ್ಟೆಯ ಶವಯಾತ್ರೆ ನನಗೆ ಸರಿಯೆಂದು ತೋರಿದುದೇಕೆ? ನಮ್ಮ ಸಿನಿಮಾದವರು ಇಂಥ ಸಂಕಟ ಬಂದಾಗ ಏನು ಮಾಡಿದರೆಂಬುದನ್ನು ಒಂದೊಂದಾಗಿ ನೆನೆದೆ.

ಮೊದಲು ನೆನಪಿಗೆ ಬಂದುದು 'ಆಪ್ತಮಿತ್ರ'. ಮಲಯಾಳದ 'ಮಣಿಚಿತ್ರತ್ತಾಳ್' ಚಿತ್ರವನ್ನು ಆಧರಿಸಿ ಪಿ. ವಾಸು ನಿರ್ದೇಶಿಸಿದ ಚಿತ್ರ. ಎಂದೋ ಸತ್ತ ನಾಗವಲ್ಲಿಯೆಂಬ ನರ್ತಕಿ ತನ್ನ ಮೈಮೇಲೆ ಬಂದಳೆಂದು ಭ್ರಮಿಸುವ ಗಂಗಾ ಎಂಬ ಗೃಹಿಣಿಯ ಪಾತ್ರವನ್ನು ಸೌಂದರ್ಯ ವಹಿಸಿದ್ದರು. 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ನಡೆದ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಚಿತ್ರ ತೆರೆಗೆ ಬಂದುದು ಆಗಸ್ಟ್ ತಿಂಗಳಿನಲ್ಲಿ. ಸತ್ತವಳು ಬದುಕಿರುವವಳ ಮೈಮೇಲೆ ಬರುವ ಕಥೆ. ನೋಡುವವರಿಗೋ, ತೆರೆಯ ಮೇಲೆ ಕುಣಿಯುತ್ತಿರುವ ಆ ಬದುಕಿರುವವಳೂ ಈಗ ಇಲ್ಲವೆಂಬ ಅರಿವು. ಕಥೆಗಾರ ಬರೆಯದೆ ಇದ್ದ ಒಂದು ಪದರ ತಾನಾಗಿ ಕೂಡಿಕೊಂಡಿತು. ಆ ಚಿತ್ರದ ಮುಂದುವರಿಕೆಯಾಗಿ 'ಆಪ್ತರಕ್ಷಕ' ಸಿದ್ಧವಾಯಿತು. ಡಾ. ವಿಷ್ಣುವರ್ಧನರ ಇನ್ನೂರನೆಯ ಚಿತ್ರವೆಂದು ಅದನ್ನು ಎಣಿಸುತ್ತಾರೆ. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ವಿಷ್ಣುವರ್ಧನರು ತೀರಿಕೊಂಡರು. ಚಿತ್ರ ಬಿಡುಗಡೆಯಾದುದು 2010ರ ಫೆಬ್ರವರಿಯಲ್ಲಿ. ಮೊದಲ ಚಿತ್ರವನ್ನು ಅದರ ನಾಯಿಕೆ ನೋಡಲಿಲ್ಲ, ಎರಡನೆಯದನ್ನು ಅದರ ನಾಯಕ ನೋಡಲಿಲ್ಲ. ಆದರೆ ಎರಡರಲ್ಲಿಯೂ ಅಭಿನಯದ ಕೆಲಸ ಮುಗಿದುಹೋಗಿದ್ದಿತು. ಉಳಿದವರಿಗೆ ಉಳಿದಿದ್ದುದು ಅವರು ಮಾಡಿಟ್ಟುಹೋದುದನ್ನು ಜನರ ಮುಂದಿಡುವ ಕೆಲಸ ಮಾತ್ರ. ಅಮ್ಮ ತೀರಿಕೊಂಡ ಮೇಲೆ ಆಕೆ ಹಾಕಿಟ್ಟ ಉಪ್ಪಿನಕಾಯಿಯನ್ನು ಮಕ್ಕಳು ಉಣ್ಣುವಂತೆ ನಾವು ಅದನ್ನು ನೋಡಿದೆವು.

ವಿಷ್ಣುವರ್ಧನರ ಕಥೆ ಅಲ್ಲಿಗೆ ಮುಗಿಯಲಿಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಅವರನ್ನು ನಾಯಕನನ್ನಾಗಿ ಮಾಡಿದುದು ಎಲ್ಲರಿಗೂ ತಿಳಿದ ವಿಷಯ. 2016ರಲ್ಲಿ ಕೋಡಿ ರಾಮಕೃಷ್ಣರು ಅದೇ ಹೆಸರಿನ ಬೇರೊಂದು ಚಿತ್ರವನ್ನು ಮಾಡಿದರು. ಅದರಲ್ಲಿ ತೀರಿಕೊಂಡು ಸುಮಾರು ಏಳು ವರ್ಷಗಳಾಗಿದ್ದ ವಿಷ್ಣುವರ್ಧನರು ಕಂಪ್ಯೂಟರಿನ ಚಿತ್ರಣದಿಂದ ಮತ್ತೆ ತೆರೆಯ ಮೇಲೆ ಬಂದರು. ಮೈ ಇನ್ನೊಬ್ಬರದು, ಮುಖ ಅವರದು. ಆ ಕ್ಷಣಕ್ಕೆ ಅಭಿಮಾನಿಗಳ ಕಣ್ಣು ತುಂಬಿದ್ದರೆ ಆಶ್ಚರ್ಯವಿಲ್ಲ. ನನಗೆ ಮಾತ್ರ ಆ ಮುಖವನ್ನು ನೋಡಿ, ಗುರುತಿನವರೊಬ್ಬರು ಎದುರಿಗೆ ಬಂದು ನನ್ನ ಗುರುತನ್ನು ಹಿಡಿಯದೆ ಹೋದಂತೆ ಆಯಿತು.

ಇನ್ನು 'ಜೇಮ್ಸ್'. 2021ರ ಅಕ್ಟೋಬರ್ 29ರಂದು, ನಲವತ್ತಾರನೆಯ ವಯಸ್ಸಿನಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಚೇತನ್ ಕುಮಾರ್ ನಿರ್ದೇಶನದ ಆ ಚಿತ್ರದಲ್ಲಿ ಅವರ ಅಭಿನಯ ಬಹುಮಟ್ಟಿಗೆ ಮುಗಿದಿದ್ದಿತು. ಮಾತನ್ನು ಕೂಡಿಸುವ ಕೆಲಸ ಉಳಿದಿದ್ದಿತು. ಆ ಮಾತುಗಳನ್ನು ಆಡಿದವರು ಅಣ್ಣ ಶಿವರಾಜ್‌ಕುಮಾರ್. 2022ರ ಮಾರ್ಚ್ 17ರಂದು, ಪುನೀತರ ಹುಟ್ಟಿದ ದಿನ, ಚಿತ್ರ ತೆರೆಕಂಡಿತು. ನಾನು ಅದನ್ನು ಶಿವಮೊಗ್ಗದಲ್ಲಿ ನೋಡಿದೆ. ಕಥೆಯಲ್ಲಿ ಹೊಸತೇನೂ ಇರಲಿಲ್ಲ. ಆದರೆ ತಮ್ಮನ ತುಟಿಗಳು ಅಲುಗಿದಾಗ ಅಣ್ಣನ ದನಿ ಕೇಳಿದೊಡನೆ ನನ್ನ ಅಕ್ಕಪಕ್ಕದ ಹುಡುಗರು ಕೂಗಾಟವನ್ನು ನಿಲ್ಲಿಸಿಬಿಟ್ಟರು. ದನಿಯನ್ನು ಅನುಕರಿಸುವ ಪ್ರಯತ್ನ ಅಲ್ಲಿರಲಿಲ್ಲ. ಅದು ಶಿವರಾಜ್‌ಕುಮಾರರ ದನಿಯೇ. ಯಾರು ಆಡುತ್ತಿದ್ದಾರೆ, ಯಾರಿಗಾಗಿ ಆಡುತ್ತಿದ್ದಾರೆ ಎಂಬುದು ಎಲ್ಲರಿಗೂ ತಿಳಿದಿದ್ದಿತು. ತಿಳಿದಿದ್ದುದರಿಂದಲೇ ಅದಕ್ಕೆ ಬೆಲೆ. ಮರುತಿಂಗಳು ತಂತ್ರಜ್ಞಾನದ ನೆರವಿನಿಂದ ಪುನೀತರದೇ ದನಿಯನ್ನು ಸಿದ್ಧಪಡಿಸಿ ಚಿತ್ರವನ್ನು ಮತ್ತೊಮ್ಮೆ ಬಿಡುಗಡೆ ಮಾಡಿದರು. ಅದನ್ನು ಮಾಡಿದವರ ಅಭಿಮಾನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಎರಡರಲ್ಲಿ ಯಾವುದನ್ನು ಮತ್ತೆ ಕೇಳಬೇಕೆಂದು ಯಾರಾದರೂ ಕೇಳಿದರೆ, ಅಣ್ಣನ ದನಿಯನ್ನೇ ಆರಿಸಿಕೊಂಡೇನು. ಒಂದು ದನಿ 'ಅವನಿಲ್ಲ' ಎಂಬುದನ್ನು ಒಪ್ಪಿಕೊಂಡು ಮಾತನಾಡುತ್ತದೆ. ಇನ್ನೊಂದು, ಅವನು ಹೋಗಿಯೇ ಇಲ್ಲವೆಂದು ನಂಬಿಸಲು ನೋಡುತ್ತದೆ.

ನಮ್ಮ ಜಿಲ್ಲೆಯ ಆಗುಂಬೆಯ ಮಾತನ್ನೂ ಇಲ್ಲಿ ಹೇಳಬೇಕು. ಶಂಕರ್ ನಾಗ್ ಅಲ್ಲಿ ಆರ್. ಕೆ. ನಾರಾಯಣರ ಮಾಲ್ಗುಡಿಯನ್ನು ಕಟ್ಟಿ 1986ರಲ್ಲಿ ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಕೊಟ್ಟರು. 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಹದಿನಾರು ವರ್ಷಗಳ ಮೇಲೆ ಕವಿತಾ ಲಂಕೇಶ್ ಅದೇ ಹೆಸರಿನಲ್ಲಿ ಹೊಸ ಕಂತುಗಳನ್ನು ನಿರ್ದೇಶಿಸಿದಾಗ, ಸತ್ತವರ ಆಸ್ತಿಗೆ ಕೈಹಾಕಿದರೆಂದು ಯಾರಿಗೂ ಅನ್ನಿಸಲಿಲ್ಲವೆಂದು ನಾನು ತಿಳಿದಿದ್ದೇನೆ. ಮಾಲ್ಗುಡಿ ಎಲ್ಲರ ಊರು ಎಂಬುದೊಂದು ಕಾರಣ. ನಡುವೆ ಸಾಕಷ್ಟು ಕಾಲ ಹರಿದಿತ್ತೆಂಬುದು ಇನ್ನೊಂದು.

ಈ 'ಕಾಲ'ವೆಂಬ ಮಾತು ನಾಲಗೆಗೆ ಬಂದಾಗ ನನಗೆ ನಮ್ಮ ಮನೆಯ ಕಥೆ ನೆನಪಾಯಿತು. ಅದನ್ನು ಹೇಳದೆ ಈ ವಿಚಾರ ಮುಂದಕ್ಕೆ ಹೋಗುವುದಿಲ್ಲ. ಓದುಗರು ಕ್ಷಮಿಸಬೇಕು.

ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿ ಬೆಳೆಸಿ, 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಕಬ್ಬಿಣದ ಕಾರ್ಖಾನೆ ಭದ್ರಾವತಿಗೆ ನಾಡಿನ ಮೂಲೆಮೂಲೆಯಿಂದ ಜನರನ್ನು ಕರೆತಂದಿತು. ಬಂದವರು ತಮ್ಮ ತಮ್ಮ ಊರಿನ ದೇವರನ್ನು ಅಲ್ಲಿಯೇ ಬಿಟ್ಟುಬಂದರೂ ನಾಟಕದ ಹುಚ್ಚನ್ನು ಬಿಟ್ಟುಬರಲಿಲ್ಲ. ಹೀಗೆ ಕೂಡಿದ ಹದಿನೈದಿಪ್ಪತ್ತು ಮಂದಿಯ ತಂಡದಲ್ಲಿ ಅಣ್ಣ ಭೀಮ. ಕೆಲಸ ಮುಗಿಸಿ ಬಂದು ಸ್ನಾನ ಮಾಡಿ ಹಾರ್ಮೋನಿಯಂ ಮೇಷ್ಟ್ರ ಮನೆಯ ಜಗಲಿಯಲ್ಲಿ ಮಾತು ಉರುಹೊಡೆಯುತ್ತಿದ್ದ. ಮೇಷ್ಟ್ರು ಬಹಳ ಶಿಸ್ತಿನವರು. ಅಣ್ಣ ಅಬ್ಬರಿಸಿದರೆ, "ಭೀಮನೂ ಮನುಷ್ಯನೇ ಕಣಯ್ಯ, ಉಸಿರು ತಗೊ" ಎನ್ನುತ್ತಿದ್ದರು. ಅವನ ದನಿ ದೊಡ್ಡದು. ದುಶ್ಶಾಸನನ ವಧೆಯ ದೃಶ್ಯದಲ್ಲಿ ಮುಂದಿನ ಸಾಲಿನ ಮಕ್ಕಳು ಅಳುತ್ತಿದ್ದವು. ನಮ್ಮ ತಾಯಿಯವರು ಮಾತ್ರ ನಗುತ್ತಿದ್ದರು.

1974ರಲ್ಲಿ ಅಣ್ಣ ಕಾಯಿಲೆ ಬಿದ್ದು ತೀರಿಕೊಂಡ. ಮೂವತ್ತೆಂಟು ವಯಸ್ಸು. ಮಗನಿಗೆ ಐದು ವರ್ಷ. ನಾನು ಆಗ ತಾನೆ ಉಪಾಧ್ಯಾಯನ ಕೆಲಸಕ್ಕೆ ಸೇರಿದ್ದೆ.

ಆ ವರ್ಷ ತಂಡದವರು ನಾಟಕವಾಡಲಿಲ್ಲ. ಭೀಮನ ಪಾತ್ರಕ್ಕೆ ಬೇರೆ ಜನ ಇರಲಿಲ್ಲವೆಂದಲ್ಲ. ಮೇಷ್ಟ್ರು, "ಅವರ ಮನೇಲಿ ಈ ವರ್ಷ ಹಬ್ಬ ಇಲ್ಲ. ನಮಗೂ ಬೇಡ" ಎಂದುಬಿಟ್ಟರು. ನಾಟಕ ಆಗಬೇಕಾಗಿದ್ದ ರಾತ್ರಿ ಎಲ್ಲರೂ ನಮ್ಮ ಮನೆಗೆ ಬಂದು ಕುಳಿತು ಭಜನೆ ಮಾಡಿ ಹೋದರು.

ಮರುವರ್ಷ ನಾಟಕವಾಯಿತು. ಅಣ್ಣನ ಗದೆಯನ್ನೇ ಕೇಳಿ ಪಡೆದುಕೊಂಡು ಹೋದರು. ಹೊಸ ಭೀಮ ಅಣ್ಣನ ಗೆಳೆಯ. ಅಣ್ಣನ ಮೇಲಿನ ಪ್ರೀತಿಯಿಂದ ಅವನ ನಡಿಗೆಯನ್ನು, ಅವನ ಕೂಗನ್ನು, ಮಾತಿನ ಕೊನೆಗೆ ಅವನು ತೊಡೆ ತಟ್ಟುತ್ತಿದ್ದ ರೀತಿಯನ್ನು ಹಾಗೆ ಹಾಗೆಯೇ ಮಾಡಿದ. ಜನ ಚಪ್ಪಾಳೆ ತಟ್ಟಿದರು. ನಮ್ಮ ತಾಯಿಯವರು ಎರಡನೆಯ ದೃಶ್ಯದಲ್ಲಿ ಎದ್ದು ಮನೆಗೆ ಹೊರಟರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಅದರ ಮರುವರ್ಷವೂ ಅದೇ ಗೆಳೆಯನೇ ಭೀಮ. ಯಾರಾದರೂ ಏನಾದರೂ ಹೇಳಿದ್ದರೋ ಇಲ್ಲವೋ ತಿಳಿಯದು; ಆ ಸಲ ಅವನು ತನ್ನ ದನಿಯಲ್ಲಿಯೇ ಆಡಿದ. ಅವನದು ಸಣ್ಣ ದನಿ. ಮಕ್ಕಳು ಯಾರೂ ಅಳಲಿಲ್ಲ. ನಮ್ಮ ತಾಯಿಯವರು ಬೆಳಗಿನ ಜಾವ ದುರ್ಯೋಧನ ಬೀಳುವವರೆಗೂ ಕುಳಿತಿದ್ದರು. ಮಂಗಳಾರತಿಯ ತಟ್ಟೆಗೆ ನಾಲ್ಕಾಣೆ ಹಾಕಿ, "ಚೆನ್ನಾಗಿ ಮಾಡಿದ" ಎಂದರು. ಅವರನ್ನು ಕೂರಿಸಿದುದು ಕಾಲವೋ ದನಿಯೋ ಎಂಬುದನ್ನು ನಾನು ಆಗ ಕೇಳಲಿಲ್ಲ, ಈಗ ಕೇಳಲು ಅವರಿಲ್ಲ. ಎರಡೂ ಇರಬಹುದು.

ನಮ್ಮಲ್ಲಿ ಮನೆಯೊಳಗೆ ಸಾವಾದರೆ ವರ್ಷದ ಮಟ್ಟಿಗೆ ಹಬ್ಬವನ್ನು ಬಿಡುತ್ತೇವೆ. ಯುಗಾದಿ ಬರುತ್ತದೆ, ಹೋಗುತ್ತದೆ; ಆ ಮನೆಯ ಬಾಗಿಲಿಗೆ ತೋರಣವಿಲ್ಲ. ಇನ್ನು ಮುಂದೆ ಯುಗಾದಿಯೇ ಇಲ್ಲವೆಂದು ಇದರ ಅರ್ಥವಲ್ಲ. ಹಬ್ಬ ಲೋಕದ್ದು, ಅದಕ್ಕೆ ಸಾವಿಲ್ಲ. ಆದರೆ ಈ ಮನೆಗೆ ಈ ವರ್ಷ ಅದು ಬೇಡ. ವರ್ಷಾಬ್ದಿಕವಾದ ಮೇಲೆ ಹಿರಿಯರೇ ಮುಂದೆ ನಿಂತು, 'ಇನ್ನು ಹಬ್ಬ ಮಾಡಿ' ಎಂದು ಹೇಳುತ್ತಾರೆ. ಹಬ್ಬ ಬಿಡುವುದು ಎಷ್ಟು ಮುಖ್ಯವೋ ಹಬ್ಬವನ್ನು ಮತ್ತೆ ಎತ್ತಿಕೊಳ್ಳುವುದೂ ಅಷ್ಟೇ ಮುಖ್ಯ. ಮೊದಲನೆಯದನ್ನು ಮಾಡದವನು ಕಲ್ಲೆದೆಯವನು, ಎರಡನೆಯದನ್ನು ಮಾಡದವನು ಸಂಸಾರಕ್ಕೆ ಭಾರ.

ಈ ಬೆಳಕಿನಲ್ಲಿ ನೋಡಿದಾಗ ಆ ಅಮೆರಿಕದ ಚಿತ್ರ ನನಗೆ ಅರ್ಥವಾಯಿತು. ಅದು ಹಬ್ಬ ಬಿಟ್ಟ ವರ್ಷದ ಚಿತ್ರ. ಕಥೆಯೊಳಗೂ ಇದೇ ವಿಷಯ ಬರುತ್ತದೆ. ದೊರೆ ಸತ್ತ ಒಂದು ವರ್ಷದ ಮೇಲೆ ತಾಯಿ ರಾಮೊಂಡ ತನ್ನ ಮಗಳು ಶೂರಿಯನ್ನು ಊರಾಚೆ ಕರೆದೊಯ್ದು, ಶೋಕದ ಬಟ್ಟೆಯನ್ನು ಬೆಂಕಿಗೆ ಹಾಕುವಂತೆ ಹೇಳುತ್ತಾಳೆ. ಶೋಕದ ಅವಧಿ ಮುಗಿಯಿತೆಂದು ತಿಳಿಸುವ ವಿಧಿ ಅದು. ಮಗಳಿಗೆ ಅದು ಬೇಡ. ವಿಜ್ಞಾನ ಬಲ್ಲವಳು ಅವಳು. ಅಣ್ಣನನ್ನು ಉಳಿಸಿಕೊಳ್ಳಲಾರದ ವಿಜ್ಞಾನದ ಮೇಲೆ ಸಿಟ್ಟು, ಲೋಕದ ಮೇಲೆ ಸಿಟ್ಟು. ಮುಂದೆ ಅಣ್ಣನ ಕಪ್ಪು ಕವಚವನ್ನು ಅವಳೇ ತೊಡುತ್ತಾಳೆ. ಆದರೆ ತೊಟ್ಟು ಮಾಡಹೊರಡುವುದು ಸೇಡಿನ ಕೆಲಸವನ್ನು. ಕವಚ ತೊಟ್ಟರೂ ಶೋಕ ಮುಗಿದಿರುವುದಿಲ್ಲ. ಯುದ್ಧವೆಲ್ಲ ಕಳೆದು, ಹೈಟಿಯ ಕಡಲತಡಿಯಲ್ಲಿ ಒಬ್ಬಳೇ ಕುಳಿತು ಆ ಬಟ್ಟೆಯನ್ನು ಸುಟ್ಟಾಗ ಅವಳಿಗೆ ಕಣ್ಣೀರು ಬರುತ್ತದೆ. ಆಮೇಲೆ ಒಬ್ಬ ಪುಟ್ಟ ಹುಡುಗ ಅವಳ ಮುಂದೆ ಬರುತ್ತಾನೆ. ಅಣ್ಣನ ಮಗ, ಲೋಕಕ್ಕೆ ತಿಳಿಯದಂತೆ ಬೆಳೆದವನು. ಅವನ ಹೆಸರು ಕೂಡ ಟಿಚಾಲ.

ನಿರ್ದೇಶಕ ಪಾತ್ರವನ್ನು ಮುಚ್ಚಿಬಿಡಲಿಲ್ಲ, ಬಾಗಿಲು ತೆರೆದೇ ಇಟ್ಟ. ಬೋಸ್‌ಮನ್‌ನ ಮುಖವನ್ನು ಯಂತ್ರದಿಂದ ತಯಾರಿಸಿ ತರಲಿಲ್ಲ. ಅವನಂತೆ ನಡೆಯುವ ಇನ್ನೊಬ್ಬನನ್ನು ಆ ಕೂಡಲೇ ಸಿಂಹಾಸನದ ಮೇಲೆ ಕೂರಿಸಲೂ ಇಲ್ಲ. ಎರಡು ವರ್ಷ ತಡೆದು, ಶೋಕವನ್ನೇ ಕಥೆಯಾಗಿ ಹೇಳಿ, ಕೊನೆಗೆ ಹೆಸರನ್ನು ಮಗುವಿಗೆ ಕೊಟ್ಟ. ಇಂಥ ಚಿತ್ರಗಳ ಹಿಂದೆ ಕೋಟಿಗಟ್ಟಲೆ ಹಣದ ವ್ಯಾಪಾರವಿರುವುದು ನನಗೆ ತಿಳಿಯದ ವಿಷಯವಲ್ಲ. ವ್ಯಾಪಾರವಿದ್ದೂ ಇಷ್ಟು ಮರ್ಯಾದೆ ಉಳಿದುದು ಸಂತೋಷದ ಸಂಗತಿ.

ಬೆಳಿಗ್ಗೆ ಕಾಫಿ ಕುಡಿಯುವಾಗ ಹುಡುಗಿಗೆ ಇಷ್ಟನ್ನೂ ಹೇಳಿದೆ. "ಅಂದರೆ ನಾನು ಹೇಳಿದ್ದೇ ಸರಿ ಅಂತಾಯ್ತು. ಸ್ವಲ್ಪ ತಡವಾಗಿ" ಎಂದಳು. ಹೌದೆನ್ನದೆ ಉಪಾಯವಿರಲಿಲ್ಲ.

ಮತ್ತೆ ಅವಳೇ ಪುನೀತರ ಮಾತೆತ್ತಿದಳು. ತೀರಿಕೊಂಡ ದಿನ ಅವರ ಕಣ್ಣುಗಳನ್ನು ದಾನ ಮಾಡಿದುದು, ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಣ್ಣುಗಳ ಪಾರದರ್ಶಕ ಪಟಲವನ್ನು ಮುಂದಿನ ಪದರ, ಹಿಂದಿನ ಪದರವೆಂದು ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟುದು ಎಲ್ಲರೂ ಓದಿದ ಸುದ್ದಿ. 2006ರಲ್ಲಿ ತಂದೆ ರಾಜ್‌ಕುಮಾರರ ಕಣ್ಣುಗಳೂ ಹೀಗೆಯೇ ದಾನವಾಗಿದ್ದವು. "ಆ ನಾಲ್ಕು ಜನ ನೋಡೋದು ಅವರವರ ಕಣ್ಣಿಗೆ ಬಿದ್ದಿದ್ದನ್ನೇ ಅಲ್ವಾ ಚಿಕ್ಕಜ್ಜ, ಪುನೀತ್ ನೋಡಿದ್ದನ್ನಲ್ಲ" ಎಂದಳು. ನಾನು ರಾತ್ರಿಯೆಲ್ಲ ಹುಡುಕಿದ ಮಾತನ್ನು ಅವಳು ಕಾಫಿ ಆರುವುದರೊಳಗೆ ಹೇಳಿದ್ದಳು.

ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರವಿದೆ. 2021ರ ಸೆಪ್ಟೆಂಬರಿನಲ್ಲಿ ಪುನೀತ್ 'ಗಂಧದ ಗುಡಿ'ಯ ಚಿತ್ರೀಕರಣದ ದಿನಗಳಲ್ಲಿ ಅಲ್ಲಿಗೆ ಬಂದು ಒಂದು ಮರಿಯಾನೆಯೊಡನೆ ಹೊತ್ತು ಕಳೆದಿದ್ದರು. 'ಗಂಧದ ಗುಡಿ' ಎಂಬುದು 1973ರಲ್ಲಿ ಅವರ ತಂದೆ ಅರಣ್ಯಾಧಿಕಾರಿಯಾಗಿ ಅಭಿನಯಿಸಿದ ಚಿತ್ರದ ಹೆಸರು. ಮಗ ಅದೇ ಹೆಸರಿನಲ್ಲಿ ಯಾವ ವೇಷವನ್ನೂ ಹಾಕದೆ, ತಾನು ತಾನಾಗಿಯೇ ಅಮೋಘವರ್ಷರೊಡನೆ ನಾಡಿನ ಕಾಡು ಕಡಲುಗಳನ್ನು ಸುತ್ತಿದರು. ಆ ಚಿತ್ರ 2022ರ ಅಕ್ಟೋಬರ್ 28ರಂದು, ಅವರು ತೀರಿ ವರ್ಷ ತುಂಬುವ ಮುನ್ನಾದಿನ ಬಿಡುಗಡೆಯಾಯಿತು. ಇತ್ತ ಸಕ್ರೆಬೈಲಿನಲ್ಲಿ ಅರಣ್ಯ ಇಲಾಖೆಯವರು 2021ರ ನವೆಂಬರಿನಲ್ಲಿಯೇ ಆ ಮರಿಯಾನೆಗೆ ಪುನೀತ್ ಎಂದು ಹೆಸರಿಟ್ಟಿದ್ದರು. ಆ ಆನೆ ಯಾರನ್ನೂ ಅನುಕರಿಸಬೇಕಾಗಿಲ್ಲ. ಹೆಸರನ್ನು ಹೊತ್ತುಕೊಂಡು ಆನೆಯಂತೆ ಬೆಳೆದರೆ ಸಾಕು.

ಹೊರಡುವ ಹೊತ್ತಿಗೆ ಗೋಡೆಗೆ ಒರಗಿದ್ದ ಗದೆಯನ್ನು ಎತ್ತಿಕೊಂಡೆ. ನಾನು ತಿಳಿದುಕೊಂಡಿದ್ದುದಕ್ಕಿಂತ ಹಗುರವಾಗಿದ್ದಿತು.

"ಬೇಗಡೆ ಹೊಸದಾಗಿ ಅಂಟಿಸಬೇಕು. ಹಿಡಿಗೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಬೆವರಿಗೆ ಜಾರುತ್ತೆ" ಎಂದೆ. "ಭೀಮ ಯಾರಾಗ್ತಾನೆ?"

ಹುಡುಗಿ ಸ್ವಲ್ಪ ತಡೆದಳು. "ಭೀಮ ಅಲ್ಲ ಚಿಕ್ಕಜ್ಜ. ದುರ್ಯೋಧನನ ಹತ್ತಿರ ಗದೆ ಇಲ್ಲ. ಅದಕ್ಕೆ ಕೇಳಿದ್ದು."

ಅಣ್ಣನ ಗದೆ ದುರ್ಯೋಧನನ ಕೈಗೆ! ಒಂದು ಕ್ಷಣ ಏನು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ ನಗು ಬಂದಿತು. ಅಣ್ಣನಿದ್ದಿದ್ದರೆ ನನಗಿಂತ ದೊಡ್ಡದಾಗಿ ನಗುತ್ತಿದ್ದ.

ಶಿವಮೊಗ್ಗದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗದೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅವಳು ನನ್ನ ತೊಡೆಯ ಮೇಲಿಟ್ಟಳು. ಕಂಡಕ್ಟರ್ ಅದನ್ನು ನೋಡಿ ಏನೆಂದು ಕೇಳಿದ. "ನಾಟಕದ ಸಾಮಾನು" ಎಂದೆ. ಅವನು ಲಗೇಜಿನ ಚೀಟಿ ಹರಿಯಲಿಲ್ಲ.